ಹದಿನೇಳನೇ ನಂಬರಿನ ಟಾರ್ಚು

ಬೀಳಿಸುವುದು ನನ್ನ ಕೆಲಸವಾಗಿತ್ತು. ಸೊಂಟದ ಎತ್ತರದಿಂದ ಆರು ಸಲ, ಅಟ್ಟದ ಎತ್ತರದಿಂದ ಮೂರು ಸಲ, ಸಿಮೆಂಟು ನೆಲದ ಮೇಲೆ. ತಲೆ ಕೆಳಗಾಗಿ, ಬುಡ ಕೆಳಗಾಗಿ, ಅಡ್ಡಡ್ಡವಾಗಿ. ಬಿದ್ದ ಮೇಲೂ ಟಾರ್ಚು ಉರಿಯುತ್ತಿದ್ದರೆ ರಿಜಿಸ್ಟರಿನಲ್ಲಿ ನೀಲಿ ಟಿಕ್, ಆರಿದರೆ ಕೆಂಪು ಕ್ರಾಸ್. ಆಮೇಲೆ ಬಕೆಟ್ಟಿನ ನೀರಿನಲ್ಲಿ ಅರ್ಧ ಗಂಟೆ. ಆಮೇಲೆ ರಾಗಿಹಿಟ್ಟಿನ ಡಬ್ಬದಲ್ಲಿ ಹೂತು, ಅಲ್ಲಾಡಿಸಿ, ತೆಗೆದು, ಸ್ವಿಚ್ಚನ್ನು ನೂರು ಸಲ ಒತ್ತುವುದು. ಇವು ಯಾವ ಪುಸ್ತಕದಲ್ಲೂ ಇದ್ದ ಟೆಸ್ಟುಗಳಲ್ಲ, ನಾನೇ ಕೂತು ಬರೆದಂಥವು. ಒಂದು ಮನೆಯಲ್ಲಿ ಟಾರ್ಚಿಗೆ ಏನೇನಾಗಬಹುದು ಅಂತ ಲಿಸ್ಟ್ ಮಾಡಿದ್ದೆ. ಅಟ್ಟದಿಂದ ಬೀಳಬಹುದು, ಹಿಟ್ಟಿನ ಕೈಗೆ ಸಿಗಬಹುದು, ಬಚ್ಚಲಿಗೆ ಜಾರಬಹುದು. ಟಾರ್ಚಿಗೆ ಏನಾಗಬಹುದು ಅನ್ನುವುದನ್ನು ಮಾತ್ರ ಬರೆದಿದ್ದೆ. ಅದು ಈಗ ಕಾಣುತ್ತದೆ.

ಇದು ಎರಡು ಸಾವಿರನೇ ಇಸವಿ ದಾಟಿದ ಹೊಸತರ ಮಾತು. ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಕೊನೆಯಲ್ಲಿ ಒಂದು ತಗಡಿನ ಶೆಡ್ಡು. ಅದರೊಳಗೆ ಹನ್ನೊಂದು ಜನ ಹೆಂಗಸರು, ಯಜಮಾನರು, ಮತ್ತು ಐವತ್ತು ದಾಟಿದ ನಾನು. ಎಲ್ಲರೂ ನನ್ನನ್ನು ಕ್ವಾಲಿಟಿ ಮೇಡಂ ಅನ್ನುತ್ತಿದ್ದರು. ನನ್ನ ಸಹಿ ಇಲ್ಲದೆ ಒಂದು ಡಬ್ಬವೂ ಗೇಟು ದಾಟುವಂತಿರಲಿಲ್ಲ. ಅದರ ಬಗ್ಗೆ ಐ ವಾಸ್ ಪ್ರೌಡ್, ಸುಳ್ಳು ಹೇಳುವುದಿಲ್ಲ.

ಯಜಮಾನರು ಅದುವರೆಗೆ ರೇಡಿಯೋಗಳ ಬಿಡಿಭಾಗ ಮಾಡಿಸುತ್ತಿದ್ದವರು. ಆ ಕೆಲಸ ಕಡಿಮೆಯಾಗುತ್ತ ಬಂದಾಗ, ಒಂದು ದಿನ ಪುಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಬಿಳಿ ಎಲ್‌ಇಡಿಗಳನ್ನು ತಂದು ನನ್ನ ಟೇಬಲ್ಲಿನ ಮೇಲೆ ಸುರಿದರು. ಒಂದೊಂದೂ ಕಡಲೆಕಾಳಿಗಿಂತ ಚಿಕ್ಕದು, ಕೆಳಗೆ ಎರಡು ತಂತಿ ಕಾಲು.

“ಇದಕ್ಕೆ ಫಿಲಮೆಂಟೇ ಇಲ್ಲ ಮೇಡಂ. ಬಲ್ಬು ಹೋಯ್ತು ಅನ್ನೋ ಮಾತೇ ಇಲ್ಲ. ಒಂದು ಮನೇಲಿ ಹತ್ತು ವರ್ಷ ಬಾಳೋ ಟಾರ್ಚು ಮಾಡೋಣ. ಅಂಗೈಯಲ್ಲಿ ಹಿಡಿಸಬೇಕು, ಹೆಂಗಸರು ಮಕ್ಕಳು ಎತ್ತಿ ಎಸೆದರೂ ಕೆಡಬಾರದು.”

ಮೊದಲ ತೊಡಕು ಸೆಲ್ಲಿನದು. ಎರಡು ಸೆಲ್ ಹಾಕಿದರೆ ಮೂರು ವೋಲ್ಟು. ಬಿಳಿ ಎಲ್‌ಇಡಿಗೆ ಅದಕ್ಕಿಂತ ಚೂರು ಜಾಸ್ತಿ ಬೇಕು. ಎರಡರಲ್ಲೇ ಸಾಗಿಸಲು ಹೋಗಿ, ಸೆಲ್ ಹೊಸದಿದ್ದಾಗ ಬೆಳದಿಂಗಳಂತೆ ಉರಿದು ವಾರದಲ್ಲಿ ಮಂಕಾಗುವ ಇಪ್ಪತ್ತು ಟಾರ್ಚು ಮಾಡಿದೆವು. ಎಲ್ಲಕ್ಕೂ ಕೆಂಪು ಇಂಕು. ಕೊನೆಗೆ ಮೂರು ಸೆಲ್ಲನ್ನು ತ್ರಿಕೋನದಂತೆ ಜೋಡಿಸಿ, ಕರೆಂಟು ಮಿತಿ ಮೀರದಂತೆ ಒಂದು ರೆಸಿಸ್ಟರ್ ಕೊಟ್ಟಾಗ ಬೆಳಕು ನಿಂತಿತು. ಹೊತ್ತಿಸಿಟ್ಟು ಲೆಕ್ಕ ಹಾಕಿದೆ. ಮೂರು ಹಗಲು ಮೂರು ರಾತ್ರಿ ಬಿಡದೆ ಉರಿದು, ನಾಲ್ಕನೆಯ ದಿನ ಹಳದಿಗೆ ತಿರುಗದೆ, ಸುಮ್ಮನೆ ಸಣ್ಣಗಾಗುತ್ತ ಹೋಯಿತು.

ಎರಡನೆಯ ತೊಡಕು ನನ್ನ ಬೀಳಿಸುವಿಕೆಯಲ್ಲಿ ಸಿಕ್ಕಿತು. ಬಿದ್ದ ಕೂಡಲೇ ಟಾರ್ಚು ಒಮ್ಮೆ ಕಣ್ಣು ಮಿಟುಕಿಸುತ್ತಿತ್ತು, ಕೆಲವು ಆರಿಯೇ ಹೋಗುತ್ತಿದ್ದವು. ಒಳಗೆ ಸೆಲ್ ಕುಪ್ಪಳಿಸಿ ಸ್ಪ್ರಿಂಗಿನಿಂದ ಬಿಡಿಸಿಕೊಳ್ಳುತ್ತಿತ್ತು. ಗಟ್ಟಿ ಸ್ಪ್ರಿಂಗ್ ಹಾಕಿದರೆ ಮುಚ್ಚಳ ತಿರುಗಿಸಲು ಹೆಂಗಸರ ಕೈಗೆ ಆಗುತ್ತಿರಲಿಲ್ಲ. ಎರಡು ವಾರ ಯಜಮಾನರೂ ನಾನೂ ತಲೆ ಕೆಡಿಸಿಕೊಂಡೆವು.

ತೊಡಕು ಬಿಡಿಸಿದವಳು ಬೆಸುಗೆ ಟೇಬಲ್ಲಿನ ಹೆಂಗಸು. ಅವಳು ಬರುತ್ತಿದ್ದದ್ದು ಗಂಡನ ಮನೆಯಾದ ತಾಂಡವಪುರದಿಂದ, ತವರು ತಿ. ನರಸೀಪುರದ ಆಚೆಗಿನ ಒಂದು ಸಣ್ಣ ಊರು. ಎಲ್‌ಇಡಿಯ ಕಾಲಿಗೆ ಕಾದ ಐರನ್ ಮೂರು ಸೆಕೆಂಡಿಗಿಂತ ಹೆಚ್ಚು ತಾಗಿದರೆ ಒಳಗೆ ಸುಟ್ಟುಹೋಗುತ್ತದೆ. ಗಡಿಯಾರ ನೋಡದೆ, ತುಟಿಯಲ್ಲೇ ಏನೋ ಎಣಿಸಿಕೊಂಡು, ಅವಳು ಒಂದನ್ನೂ ಸುಟ್ಟವಳಲ್ಲ.

“ಮೇಡಂ, ನಾನು ಕಟ್ಟದು, ನೀವು ಒಡಿಯದು. ಒಳ್ಳೆ ಅತ್ತೆ ಸೊಸೆ ಅಂಗಾಯ್ತು ನಮ್ದು,” ಎಂದು ನನ್ನನ್ನು ಛೇಡಿಸಿ, ತನ್ನ ಕಾಲಿನ ಸವೆದ ಹವಾಯಿ ಚಪ್ಪಲಿ ಕಳಚಿ ಟೇಬಲ್ಲಿನ ಮೇಲಿಟ್ಟಳು. ಬ್ಲೇಡಿನಲ್ಲಿ ಅದರ ಅಟ್ಟೆಯಿಂದ ನಡುವೆ ತೂತಿರುವ ಒಂದು ಬಿಲ್ಲೆ ಕೊಯ್ದು, ಸ್ಪ್ರಿಂಗಿನ ಸುತ್ತ, ಸೆಲ್ಲನ್ನು ಒತ್ತಿಹಿಡಿಯುವಂತೆ ಕೂರಿಸಿದಳು. “ಈಗ ಬೀಳ್ಸಿ ನೋಡವಾ.”

ಬೀಳಿಸಿದೆ. ಒಂಬತ್ತು ಸಲ. ಮಿಟುಕಲೂ ಇಲ್ಲ. ಶೆಡ್ಡಿನ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. “ಇನ್ನೊಂದು ಚಪ್ಪಲಿ ಯಜಮಾನ್ರು ಕೊಡುಸ್ತರೆ ಬುಡಿ,” ಅಂದಳು ಅವಳು, ಒಂಟಿ ಚಪ್ಪಲಿಯಲ್ಲಿ ನಿಂತು. ಯಜಮಾನರು ಹೊಸ ಜೊತೆಯನ್ನೇ ಕೊಡಿಸಿದರು. ಆಮೇಲೆ ಅದೇ ಅಳತೆಯ ರಬ್ಬರ್ ಬಿಲ್ಲೆಗಳನ್ನು ಮೈಸೂರಿನಿಂದ ತರಿಸಿದೆವು.

ಟಾರ್ಚಿನ ಬುಡದಲ್ಲಿ ದಾರ ಪೋಣಿಸಲು ಒಂದು ಬಳೆ ಇರಲೇಬೇಕು ಎಂದು ಹಟ ಹಿಡಿದವಳು ನಾನು. ಮೊಳೆಗೆ ನೇತುಹಾಕಬೇಕು, ಕತ್ತಲಲ್ಲಿ ತಡಕಿದರೆ ಅದೇ ಜಾಗದಲ್ಲಿ ಸಿಗಬೇಕು. ಅಚ್ಚು ಬದಲಿಸಲು ಖರ್ಚು ಅಂತ ಯಜಮಾನರು ಗೊಣಗಿದರೂ ಮಾಡಿಸಿದರು. ರಟ್ಟಿನ ಡಬ್ಬದ ಮೇಲೆ ಬರೆಯಲು ಒಂದು ಸಾಲು ಬೇಕೆಂದಾಗ ಕೊಟ್ಟವಳೂ ನಾನೇ: ‘ಎಂದೂ ಆರದ ಬೆಳಕು.’

ಮಾರುಕಟ್ಟೆಗೆ ಹೋಗುವ ಮೊದಲು ನಿಜವಾದ ಮನೆಗಳಲ್ಲಿ ಟ್ರಯಲ್ ಆಗಬೇಕು ಅಂದೆ. ಇಪ್ಪತ್ತನಾಲ್ಕು ಪೀಸಿಗೆ ನಂಬರ್ ಕೆತ್ತಿಸಿ, ಒಂದು ಹಾಳೆಯ ಫಾರಂ ಮಾಡಿದೆ. ಎಲ್ಲಿ ಬಿತ್ತು, ಎಷ್ಟು ಸಲ, ಸೆಲ್ ಯಾವಾಗ ಬದಲಿಸಿದಿರಿ. ಕೊನೆಯ ಕಾಲಂ: ‘ದೀಪದ ಬದಲು ಬಳಸಿದ ಕೆಲಸಗಳು.’ ಬೆಸುಗೆಯವಳು ತನ್ನ ತವರೂರನ್ನೇ ಸೂಚಿಸಿದಳು. ಸಂಜೆಯಾದರೆ ಅಲ್ಲಿ ಕರೆಂಟು ಇರುತ್ತಿದ್ದದ್ದೇ ಅಪರೂಪ.

ಒಂದು ಭಾನುವಾರ ಇಬ್ಬರೂ ನರಸೀಪುರದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಆಟೋದಲ್ಲಿ ಹೋದೆವು. ದಿಬ್ಬದ ಮೇಲಿನ ಊರು, ಸುತ್ತ ರಾಗಿ ಹೊಲ. ಅವಳ ತಾಯಿಯ ಮನೆಯ ಮುಂದೆ ಜನ ಸೇರಿದರು. ಅಂಗಳದಲ್ಲಿ ನೆಲಕ್ಕೆ ಸಮವಾಗಿ ಒಂದು ಕಲ್ಲುಚಪ್ಪಡಿ ಇತ್ತು. ಮಟ್ಟವಾಗಿದೆಯಲ್ಲ ಅಂತ ನೀರಿನ ಬಕೆಟ್ಟನ್ನು ಅದರ ಮೇಲಿಟ್ಟು ನನ್ನ ಡೆಮೊ ಶುರು ಮಾಡಿದೆ. ಟಾರ್ಚು ಹೊತ್ತಿಸಿ ನೀರಿಗೆ ಬಿಟ್ಟೆ. ಅದು ತಳದಲ್ಲಿ ಕೂತು ಉರಿಯಿತು.

“ಅದ್ಸರಿ ಮೇಡಂ, ನನ್ ತಂಗಿ ಮಾಡವ್ಳೆ ಅಂದ್ರೆ ಎಂಗೆ ನಂಬದು?” ಅಂದವನು ಅವಳ ಅಣ್ಣ, ನಲವತ್ತರ ಆಸುಪಾಸಿನವನು, ಹೆಗಲ ಮೇಲೆ ಟವಲ್ಲು. “ಚಿಕ್ಕೋಳಿದ್ದಾಗ ಉಪ್ಸಾರು ಮಾಡುದ್ರೆ ಉಪ್ಪೇ ಆಕ್ತಿರ್ನಿಲ್ಲ ಇವ್ಳು.”

“ತಟ್ಟೆ ನೆಕ್ತಿದ್ದೋನು ಯಾರಣ್ಣ ಅಂಗಾರೆ?” ಅಂದಳು ತಂಗಿ. ಜನ ನಕ್ಕರು.

ನಗದೆ ಬಕೆಟ್ಟನ್ನೇ ನೋಡುತ್ತ ಕೂತಿದ್ದವಳು ತಾಯಿ. ಎಪ್ಪತ್ತರ ಹತ್ತಿರದ ಗಟ್ಟಿ ಹೆಂಗಸು. ನೀರಿಗೆ ಕೈ ಹಾಕಿ ಟಾರ್ಚು ಎತ್ತಿ, ಬೆಳಕಿನ ಮೇಲೆ ಅಂಗೈ ಇಟ್ಟಳು. “ಬಿಸೀನೇ ಇಲ್ವಲ್ಲವ್ವ. ಇದು ಆರದೇ ಇಲ್ವಾ?”

“ಆರೋದೇ ಇಲ್ಲ ತಾಯಿ. ಗಾಳಿಗೂ ಆರೋಲ್ಲ, ನೀರಿಗೂ ಆರೋಲ್ಲ.”

“ಅಂಗಾರೆ ದೀಪದ ಕೆಲ್ಸ ಎಲ್ಲಾ ಇದ್ರಲ್ಲೇ ಮಾಡ್ಕಬೋದು ಅನ್ನು.”

“ಎಲ್ಲಾ ಕೆಲಸಾನೂ,” ಅಂದೆ.

ಆ ಮನೆಗೆ ಹದಿನೇಳನೇ ನಂಬರಿನ ಟಾರ್ಚು ಕೊಟ್ಟೆವು. ಬೆಳಗಿನ ಜಾವ ಸೊಸೈಟಿಗೆ ಹಾಲು ಹಾಕಲು ಹೋಗುವಾಗ ತನಗೇ ಬೇಕು ಅಂತ ಅಣ್ಣ ಅದನ್ನು ಕೊರಳಿಗೆ ಹಾಕಿಕೊಂಡು ಮೆರೆದ. ಒಂದು ತಿಂಗಳಿಗೆ ಮೊದಲ ಕಂತಿನ ಫಾರಂ ಬಂದವು. ಕೊಟ್ಟಿಗೆ, ಅಟ್ಟ, ಫ್ಯೂಸು, ಹಾಲು. ಕೆಟ್ಟದ್ದು ಒಂದೂ ಇಲ್ಲ. ಯಜಮಾನರು ಡಬ್ಬಗಳನ್ನು ಅಚ್ಚು ಹಾಕಿಸಿದರು.

ಎರಡನೆಯ ತಿಂಗಳು ಮುಗಿಯುತ್ತಿದ್ದಾಗ ಒಂದು ಮಧ್ಯಾಹ್ನ ಶೆಡ್ಡಿನ ಫೋನು ಬಡಿದುಕೊಂಡಿತು. ಬೆಸುಗೆಯವಳಿಗೆ. ಅಣ್ಣ ಹೋಗಿಬಿಟ್ಟ. ರಾಗಿ ತೆಗೆಯಲು ಹಗೇವಿಗೆ ಇಳಿದವನು ಮೇಲೆ ಬರಲಿಲ್ಲ. ಅವಳು ಎದ್ದು ಹೋದಳು. ಸೋಲ್ಡರಿಂಗ್ ಐರನ್ನು ಸ್ಟ್ಯಾಂಡಿನಲ್ಲಿ ಕಾಯುತ್ತಲೇ ಇತ್ತು. ನಾನೇ ಆಫ್ ಮಾಡಿದೆ.

ಮೂರನೆಯ ದಿನ ನಾನು ಒಬ್ಬಳೇ ಆ ಊರಿಗೆ ಹೋದೆ. ಪಟ್ಟಣದಲ್ಲಿ ಬೆಳೆದವಳು, ಹಗೇವು ಅನ್ನುವ ಮಾತು ಕೇಳಿದ್ದೆ, ನೋಡಿರಲಿಲ್ಲ. ನೆಲದೊಳಗೆ ಗುಡಾಣದ ಆಕಾರಕ್ಕೆ ತೋಡಿದ ಕಣಜ ಅದು. ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಅಗಲ. ರಾಗಿ ತುಂಬಿ, ಹುಲ್ಲು ಹೊದಿಸಿ, ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲವಂತೆ. ಅಂಗಳಕ್ಕೆ ಕಾಲಿಟ್ಟಾಗ ಆ ಚಪ್ಪಡಿ ಪಕ್ಕಕ್ಕೆ ಸರಿದಿತ್ತು. ನಾನು ಬಕೆಟ್ಟು ಇಟ್ಟಿದ್ದ ಚಪ್ಪಡಿ.

ಸುತ್ತ ಮುಳ್ಳು ಹಾಕಿದ್ದರು. ಬಾಯಿಯ ಪಕ್ಕದ ಗೂಟಕ್ಕೆ ಕಟ್ಟಿದ ಹಗ್ಗ ಒಳಕ್ಕೆ ಇಳಿದಿತ್ತು. ಹಾಡೇ ಹಗಲು, ಬಿಸಿಲು. ಆದರೂ ಆ ಬಾಯಿಯ ಒಳ ಅಂಚಿಗೆ ತೆಳ್ಳನೆಯ ಬಿಳಿ ಬೆಳಕು ಹತ್ತಿಕೊಂಡಿತ್ತು. ಬಗ್ಗಿ ನೋಡಿದೆ. ಕೆಳಗೆ ರಾಗಿಯ ಮೇಲೆ ನಮ್ಮ ಟಾರ್ಚು ಉರಿಯುತ್ತಿತ್ತು. ಮೂರು ಹಗಲು, ಎರಡು ರಾತ್ರಿ. ಅವನನ್ನು ಕೊಕ್ಕೆ ಹಾಕಿ ಮೇಲೆತ್ತಿದ್ದರು; ಟಾರ್ಚು ಮುಟ್ಟಲು ಯಾರಿಗೂ ಧೈರ್ಯವಿರಲಿಲ್ಲ. ರಾತ್ರಿ ಅಂಗಳದಿಂದ ಬೆಳಕು ಎದ್ದು ಬರುತ್ತದೆ ಅಂತ ಎದುರು ಮನೆಯವರು ಕಿಟಕಿ ಮುಚ್ಚಿ ಮಲಗುತ್ತಿದ್ದರು. ನನ್ನ ತಲೆಗೆ ಮೊದಲು ಬಂದದ್ದು ಏನು ಅಂತ ಹೇಳಿಬಿಡುತ್ತೇನೆ, ಇಷ್ಟು ವರ್ಷ ಯಾರಿಗೂ ಹೇಳಿಲ್ಲ: ನಮ್ಮ ರನ್ನಿಂಗ್ ಟೈಮ್ ಲೆಕ್ಕ ಸರಿಯಾಗಿದೆ, ಅಂದುಕೊಂಡೆ.

ತಾಯಿ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಮಗಳು ಪಕ್ಕದಲ್ಲಿ. ತಾಯಿ ತಾನಾಗಿ ಮಾತು ತೆಗೆದಳು.

“ಅಗೇವು ತಗುದ್ರೆ ಮದ್ಯಾನದಗಂಟ ಬಾಯಿ ಬುಟ್ಟಿರ್ತೀವಿ ಕನವ್ವ. ಆಮೇಲೆ ಲಾಟೀನು ಇಳ್ಸದು. ಉರೀತಾ ಇದ್ರೆ ಮನ್ಸ ಇಳೀಬೋದು. ಆರೋದ್ರೆ ಒಳ್ಗೆ ಕೆಟ್ ಗಾಳಿ ಅದೆ ಅಂತ, ಇನ್ನೂ ಬುಡ್ಬೇಕು. ನಮ್ಮತ್ತೆ ಏಳ್ಕೊಟ್ಟಿದ್ದು. ಈ ಅಟ್ಟೀಲಿ ಒಂದಿನ ತಪ್ಪಿಲ್ಲ.”

“ಆವತ್ತು ತಾಯಿ?”

“ಆವತ್ತೂ ಇಳ್ಸಿದೆ. ನಾನೇ ಇಳ್ಸಿದೆ, ನಿಮ್ ದೀಪವ. ಬಾಯಿ ತಗುದ್ ತಕ್ಷಣವೇ ಇಳ್ಸುದ್ರೂ ಆರ್ನೇ ಇಲ್ಲ ಕನವ್ವ. ಅಷ್ಟು ಚಂದಾಗಿ ಉರೀತಿತ್ತು. ಗಾಳಿ ಸರ್ಯಾಗದೆ, ಕಾಯದ್ಯಾಕೆ, ಇಳೀ ಮಗ ಅಂದೆ.” ಅವಳು ನನ್ನ ಕೈ ಹಿಡಿದಳು. “ಬಂದೋರೆಲ್ಲ ಕೇಳ್ತರೆ, ದೀಪ ಬುಟ್ಟು ನೋಡ್ನಿಲ್ವಾ ಅಂತ. ಬುಟ್ಟಿದ್ದೆ ಅಂತೀನಿ. ನಾನೇನೂ ತಪ್ಪು ಮಾಡ್ನಿಲ್ಲ ಅಲ್ವಾ?”

ಮೈಸೂರಿನ ಕಾನ್ವೆಂಟಿನಲ್ಲಿ, ಏಳನೇ ಕ್ಲಾಸಿನಲ್ಲಿ, ನಮ್ಮ ಸೈನ್ಸ್ ಸಿಸ್ಟರ್ ಒಂದು ಮೇಣದಬತ್ತಿ ಹಚ್ಚಿ ಅದರ ಮೇಲೆ ಗಾಜಿನ ಜಾಡಿ ಕವುಚಿದ್ದರು. ಬತ್ತಿ ಸಣ್ಣಗಾಗಿ, ನೀಲಿಯಾಗಿ, ಆರಿತ್ತು. ‘ವಾಟ್ ದ ಫ್ಲೇಮ್ ನೀಡ್ಸ್, ಗರ್ಲ್ಸ್, ಯೂ ನೀಡ್.’ ನೋಟ್‌ಬುಕ್ಕಿನಲ್ಲಿ ಜಾಡಿಯ ಚಿತ್ರ ಬರೆದು ವೆರಿ ಗುಡ್ ತೆಗೆದುಕೊಂಡವಳು ನಾನು. ಈ ತಾಯಿಯ ಅತ್ತೆ ಅದನ್ನೇ ಲಾಟೀನಿನಲ್ಲಿ ಕಲಿಸಿದ್ದಳು. ಉರಿಯುವ ದೀಪ ಗಾಳಿ ಕುಡಿಯುತ್ತದೆ. ನಮ್ಮ ಟಾರ್ಚು ಏನನ್ನೂ ಕುಡಿಯುವುದಿಲ್ಲ. ಕೆಟ್ಟ ಗಾಳಿಯಲ್ಲೂ ಅಷ್ಟೇ ಚೆಂದ ಉರಿಯುತ್ತದೆ. ಗಾಳಿಗೂ ಆರೋಲ್ಲ ಅಂದವಳು ನಾನೇ.

“ಇಲ್ಲ ತಾಯಿ. ನೀವೇನೂ ತಪ್ಪು ಮಾಡಲಿಲ್ಲ,” ಅಂದೆ.

ಅದು ನಿಜವೇ. ಆದರೆ ಅದರ ಮುಂದಿನ ಮಾತನ್ನು ನುಂಗಿಕೊಂಡೆ. ಹಗ್ಗ ಎಳೆದು ಟಾರ್ಚನ್ನು ಮೇಲೆ ತಂದೆ. ಬಿಸಿಯಿರಲಿಲ್ಲ. ಹಗ್ಗ ಬಿಗಿದಿದ್ದದ್ದು ಬುಡದ ಬಳೆಗೆ. ಇಬ್ಬರು ಗಂಡಸರು ಚಪ್ಪಡಿ ಎಳೆದು ಮುಚ್ಚಿ ಮಣ್ಣು ಮೆತ್ತಿದರು. ಟಾರ್ಚನ್ನು ಏನು ಮಾಡಲಿ ಅಂದಾಗ, “ನೀನೇ ತಕ್ಕೊಂಡೋಗು,” ಅಂದಳು ತಾಯಿ. ಬಸ್ಸಿನಲ್ಲಿ ನಂಜನಗೂಡಿನವರೆಗೂ ಅದು ನನ್ನ ವ್ಯಾನಿಟಿ ಬ್ಯಾಗಿನೊಳಗೆ ಉರಿಯುತ್ತಲೇ ಬಂತು. ಸ್ವಿಚ್ ಒತ್ತಬೇಕು ಅಂತ ಹೊಳೆಯಲೇ ಇಲ್ಲ.

ಮರುದಿನ ಶೆಡ್ಡಿಗೆ ಮನೆಯ ಉಪ್ಪಿನಕಾಯಿ ಜಾಡಿ ಒಯ್ದೆ. ತಟ್ಟೆಯ ಮೇಲೆ ಮೇಣದಬತ್ತಿ, ಪಕ್ಕದಲ್ಲಿ ಟಾರ್ಚು. ಎರಡನ್ನೂ ಹೊತ್ತಿಸಿ ಜಾಡಿ ಕವುಚಿದೆ. ಬತ್ತಿ ಆರಿತು. ಟಾರ್ಚು ಉರಿಯುತ್ತಿತ್ತು. ಹಿಂದೆ ನಿಂತು ನೋಡುತ್ತಿದ್ದ ಯಜಮಾನರು, “ಫೆಂಟಾಸ್ಟಿಕ್! ಇದನ್ನೂ ಡಬ್ಬದ ಮೇಲೆ ಹಾಕಿಸಬಹುದಿತ್ತು,” ಅಂದರು. ಪಾಪ, ಆ ಸಾವಿನಲ್ಲಿ ಟಾರ್ಚಿನ ಪಾಲು ಅವರಿಗೆ ಗೊತ್ತಿರಲಿಲ್ಲ. ಕೂರಿಸಿ ಎಲ್ಲ ಹೇಳಿದೆ.

“ನಮ್ಮ ಟಾರ್ಚಿನಲ್ಲಿ ಡಿಫೆಕ್ಟ್ ಇಲ್ಲ ಮೇಡಂ.”

“ಇಲ್ಲ ಸರ್. ಅದೇ ಆಗಿರೋದು.”

“ಯಾರೂ ನಮ್ಮನ್ನ ಕೇಳಿಲ್ಲ. ಕೇಳದೇ ಇರೋದನ್ನ ನಾವಾಗಿ ಹೋಗಿ ಹೇಳಿದರೆ, ಈ ಹನ್ನೊಂದು ಜನ ನಾಳೆ ಎಲ್ಲಿಗೆ ಹೋಗಬೇಕು? ‘ಈ ಬೆಳಕನ್ನು ನಂಬಬೇಡಿ’ ಅಂತ ಬರೆದ ಟಾರ್ಚನ್ನ ಯಾರು ಕೊಳ್ಳುತ್ತಾರೆ?”

ಅವರು ಕೆಟ್ಟವರಲ್ಲ. ಮೊದಲ ಸರಕಿನ ರಿಲೀಸ್ ಸ್ಲಿಪ್ಪು ನನ್ನ ಡ್ರಾಯರಿನಲ್ಲಿ ಸಹಿಗೆ ಕಾದಿತ್ತು. ಎರಡು ದಿನ ಅದನ್ನು ತೆಗೆದೆ, ಇಟ್ಟೆ.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಬೆಸುಗೆಯವಳು ಕೆಲಸಕ್ಕೆ ಬಂದಳು. ಎರಡನೆಯ ಕಂತಿನ ಫಾರಂಗಳನ್ನೂ ಮನೆಮನೆಯಿಂದ ಕೇಳಿಕೊಂಡು ತಂದಿದ್ದಳು. ಅಂಥ ದುಃಖದಲ್ಲೂ ಹೇಳಿದ ಕೆಲಸ ಮರೆತಿರಲಿಲ್ಲ. ಅವಳನ್ನು ಜಾಡಿಯ ಮುಂದೆ ಕೂರಿಸಿ, ಬತ್ತಿ ಹಚ್ಚಿ ತೋರಿಸಿದೆ. ವಿವರಿಸಬೇಕಾಗಲಿಲ್ಲ. ಆರಿದ ಬತ್ತಿಯಿಂದ ಎದ್ದ ಹೊಗೆ ಜಾಡಿಯೊಳಗೆ ಸುತ್ತುವುದನ್ನು ನೋಡುತ್ತಾ ಅವಳು ತುಟಿಯಲ್ಲೇ ಏನೋ ಎಣಿಸಿದಳು.

“ಅದು ನಾನು ಬೆಸ್ದಿದ್ದು, ಅಲ್ವಾ ಮೇಡಂ? ಅದಿನೇಳು.”

“ನೀನು ಬೆಸೆದದ್ದು, ನಾನು ಪಾಸ್ ಮಾಡಿದ್ದು.”

“ನಮ್ಮವ್ವಂಗೆ ಏಳ್ಬೇಡಿ.” ಅವಳ ದನಿ ಗಟ್ಟಿಯಾಗಿಯೇ ಇತ್ತು. “ದೀಪ ಬುಟ್ಟಿದ್ದೆ ಅನ್ನೋ ಒಂದು ಮಾತ ಇಡ್ಕಂಡು ಜೀವ ಇಟ್ಕೊಂಡವ್ಳೆ. ಅದ ಕಿತ್ಕೋಬೇಡಿ. ನಿಮ್ ಕಾಲಿಗ್ ಬೀಳ್ತೀನಿ.”

ಹೇಳುವುದಿಲ್ಲ ಅಂದೆ. ಆ ಗಳಿಗೆಯಲ್ಲಿ ಅದೇ ದಯೆ ಅನ್ನಿಸಿತ್ತು. ಹೋಗಿ ನನ್ನ ಟೇಬಲ್ಲಿನಲ್ಲಿ ಕೂತು, ಕೈಗೆ ಕೆಲಸ ಬೇಕು ಅಂತ ಅವಳು ತಂದ ಫಾರಂಗಳನ್ನು ಒಂದೊಂದಾಗಿ ರಿಜಿಸ್ಟರಿಗೆ ಇಳಿಸತೊಡಗಿದೆ. ಒಂಬತ್ತನೇ ನಂಬರಿನ ಹಾಳೆಯ ಕೊನೆಯ ಕಾಲಮ್ಮಿನಲ್ಲಿ, ಯಾವುದೋ ಶಾಲೆಯ ಮಗುವಿನ ಗುಂಡು ಅಕ್ಷರಗಳಲ್ಲಿ ಹೀಗಿತ್ತು: ‘ಹಗೇವು ನೋಡಲು. ಬಿತ್ತನೆ ಬೀಜ ತೆಗೆಯುವಾಗ ಬೇಕು.’

ಬಿತ್ತನೆಗೆ ಇನ್ನು ಮೂರು ವಾರ. ಆ ಊರಿನ ಇಪ್ಪತ್ತಮೂರು ಮನೆಗಳ ಮೊಳೆಗಳಲ್ಲಿ ನನ್ನ ನೀಲಿ ಟಿಕ್ ನೇತಾಡುತ್ತಿತ್ತು.

ಹಾಳೆಯನ್ನು ಒಯ್ದು ಬೆಸುಗೆಯವಳ ಮುಂದೆ ಇಟ್ಟೆ. ಓದಿದಳು. ಐರನ್ನನ್ನು ಸ್ಟ್ಯಾಂಡಿನಲ್ಲಿಟ್ಟು, ತಾನೇ ಸ್ವಿಚ್ ಆಫ್ ಮಾಡಿದಳು. “ಒಂಬತ್ತು ನಮ್ ಚಿಕ್ಕಪ್ಪನ್ ಮನೆ,” ಅಂದಳು. ಹಾಳೆಯನ್ನು ನನ್ನ ಕಡೆ ಸರಿಸಿ, “ಬಾಯಲ್ಲಿ ಏಳುದ್ರೆ ನಂಬಕಿಲ್ಲ ಮೇಡಂ. ಆರ್ದೇ ಇರೋದೇ ಒಳ್ಳೇದು ಅಂತ ಒಂದ್ಸಲ ಏಳ್ಬುಟ್ಟಿದ್ದೀವಲ್ಲ. ಕಣ್ಣಾರೆ ತೋರುಸ್ಬೇಕು. ಅಗೇವಿನ್ ಬಾಯಿ ತಗಿಯಕೆ ಈಗ ಯಾರೂ ಒಪ್ಪಲ್ಲ. ನಮ್ಮಟ್ಟಿದೇ ತಗೀಬೇಕು,” ಅಂದಳು.

ಯಜಮಾನರಿಗೆ ಹೇಳಿಯೇ ಹೊರಟೆ. ರಿಲೀಸ್ ಸ್ಲಿಪ್ಪನ್ನು ಸಹಿ ಇಲ್ಲದೆ ಅವರ ಟೇಬಲ್ಲಿನ ಮೇಲಿಟ್ಟು, ಡಬ್ಬದ ಮೇಲೆ ಎಚ್ಚರಿಕೆ ಬರುವವರೆಗೆ ಇದು ಹೀಗೇ ಇರುತ್ತದೆ ಅಂದೆ. ಅವರು ಬೈಯಲಿಲ್ಲ. “ನೀವು ಹೋಗಿ ಬನ್ನಿ,” ಅಂದರು, ಮುಖ ಎತ್ತದೆ.

ಬೆಳಿಗ್ಗೆ ಹತ್ತು ಗಂಟೆಗೆ ಅಂಗಳದಲ್ಲಿ ಊರೇ ನೆರೆದಿತ್ತು. ಮಗಳು ತಾಯಿಯನ್ನು ಒಳಗೇ ಇರಿಸಲು ನೋಡಿದಳು. ಆಕೆ ಕೇಳಲಿಲ್ಲ, ಬಂದು ಚಪ್ಪಡಿಯ ಪಕ್ಕದಲ್ಲೇ ಕೂತಳು. ಗಂಡಸರು ಸನಿಕೆಯಿಂದ ಮಣ್ಣು ಕೆದರಿ ಚಪ್ಪಡಿ ಸರಿಸಿ ದೂರ ನಿಂತರು. ಒಳಗಿನಿಂದ ಬೆಚ್ಚನೆಯ, ಹುಳಿಗಂಪಿನ ಗಾಳಿ ಬಂತು. ಹದಿನೇಳನೇ ಟಾರ್ಚಿಗೆ ಹೊಸ ಸೆಲ್ ಹಾಕಿದ್ದೆ. ಒಂದು ಹಗ್ಗಕ್ಕೆ ಅದು, ಇನ್ನೊಂದಕ್ಕೆ ಆ ಮನೆಯದೇ ಲಾಟೀನು. ಎರಡನ್ನೂ ಹೊತ್ತಿಸಿ ಒಟ್ಟಿಗೆ ಇಳಿಸಿದೆ.

ಒಂದಾಳು ಆಳಕ್ಕೆ ಹೋಗುವಷ್ಟರಲ್ಲಿ ಲಾಟೀನಿನ ಕುಡಿ ಚಿಕ್ಕದಾಯಿತು, ಒಮ್ಮೆ ಮೇಲೆ ಹಾರಿತು, ಆರಿತು. ಟಾರ್ಚು ಇಳಿದು ರಾಗಿಯ ಮೇಲೆ ಕೂತು, ಚೆಂದವಾಗಿ ಉರಿಯಿತು.

ತಾಯಿ ಬಗ್ಗಿ ನೋಡುತ್ತಲೇ ಇದ್ದಳು.

“ಇನ್ನೊಂದ್ಸಲ ಬುಡವ್ವ.”

ಮೇಲೆಳೆದು, ಲಾಟೀನು ಹಚ್ಚಿ, ಮತ್ತೆ ಬಿಟ್ಟೆ. ಮತ್ತೆ ಆರಿತು.

“ಇನ್ನೊಂದ್ಸಲ.”

ಮೂರನೆಯ ಸಲ ಹಗ್ಗವನ್ನು ನನ್ನ ಕೈಯಿಂದ ತಾನೇ ತೆಗೆದುಕೊಂಡು, ಗೇಣು ಗೇಣಾಗಿ, ಮಗುವನ್ನು ಇಳಿಸುವ ಹಾಗೆ ಲಾಟೀನು ಇಳಿಸಿದಳು. ಆರಿದಾಗ ಅಲ್ಲೇ ನಿಲ್ಲಿಸಿ ಹಗ್ಗ ಹಿಡಿದುಕೊಂಡು ಕೂತಳು. ಮಗಳು ಅವಳ ಬೆನ್ನಿನ ಮೇಲೆ ಕೈ ಇಟ್ಟಳು.

“ಈ ಲಾಟೀನು ಆವತ್ತು ಅಟ್ಟಿ ಒಳ್ಗೇ ಇತ್ತು,” ಅಂದಳು ತಾಯಿ ನಿಧಾನವಾಗಿ. “ಗಾಜು ಮಸಿ ಆಗಿತ್ತು. ಒರೆಸ್ಬೇಕಲ್ಲಾ ಅಂದ್ಕಂಡೆ. ಅಷ್ಟೇಯ.”

“ತಪ್ಪು ನಂದು ತಾಯಿ. ಎಲ್ಲಾ ಕೆಲಸಾನೂ ಆಗುತ್ತೆ ಅಂತ ನಿಮಗೆ ಹೇಳಿದ್ದು ನಾನು. ಆವತ್ತು ನೀವು ಕೇಳಿದಾಗಲೂ ನಾನು ಪೂರ್ತಿ ಹೇಳಲಿಲ್ಲ.”

ಅವಳು ನನ್ನನ್ನು ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಟಾರ್ಚಿನ ಕಡೆ ಬೆರಳು ತೋರಿದಳು. “ನೋಡು. ಇದ್ಕೆ ಉಸ್ರೇ ಇಲ್ಲ. ಉಸ್ರಿಲ್ದೋದ್ನ ಕಳುಸ್ಬುಟ್ಟು, ಒಳ್ಗೆ ಉಸ್ರದಾ ಅಂತ ಕೇಳ್ದೆ.”

ಆಮೇಲೆ ಎದ್ದು ಸೆರಗು ಬಿಗಿದು, ಲಾಟೀನು ಕೈಗೆ ತೆಗೆದುಕೊಂಡು, “ಬಾ, ಮಿಕ್ಕೋರ್ ಅಟ್ಟಿಗೂ ಓಗಾವ. ಇಲ್ಲಿ ಬರ್ದೇ ಇರೋರೂ ಅವ್ರೆ,” ಅಂದಳು. ಇಪ್ಪತ್ತಮೂರು ಮನೆಗೂ ಅವಳೇ ಮುಂದೆ ನಡೆದಳು. ಪ್ರತಿ ಬಾಗಿಲಲ್ಲೂ ಆ ಉಸಿರಿನ ಮಾತನ್ನೇ ಹೇಳಿದಳು, ಒಂದಕ್ಷರ ಹೆಚ್ಚು ಕಡಿಮೆ ಇಲ್ಲದೆ. ನಾನು ಹಿಂದೆ ನಿಂತು ಕೇಳಿಸಿಕೊಂಡೆ. ಹನ್ನೆರಡನೆಯ ಮನೆ ದಾಟುವಷ್ಟರಲ್ಲಿ ಅವಳ ಸ್ವರ ಒಡೆದಿತ್ತು, ನಿಲ್ಲಿಸಲಿಲ್ಲ. ಟಾರ್ಚು ವಾಪಸು ಕೊಡುತ್ತೇವೆ ಅಂದವರು ಇಬ್ಬರೇ. ಉಳಿದವರು ಇಟ್ಟುಕೊಂಡರು, ಅದರ ಪಕ್ಕದ ಮೊಳೆಗೆ ಲಾಟೀನನ್ನೂ ನೇತುಹಾಕಿಕೊಂಡರು.

ಯಜಮಾನರು ‘ಎಂದೂ ಆರದ ಬೆಳಕು’ ಎಂಬ ಸಾಲಿನ ಮೇಲೆ ಬಿಳಿ ಚೀಟಿ ಅಂಟಿಸಿದರು. ಚೀಟಿಯ ಮಾತು ತಾಯಿಯದೇ, ಬರಹದ ಕನ್ನಡಕ್ಕೆ ತಿರುಗಿಸಿದ್ದಷ್ಟೇ ನಾನು: ‘ಈ ದೀಪಕ್ಕೆ ಉಸಿರಿಲ್ಲ. ಹಗೇವು, ಬಾವಿ, ಗುಂಡಿಗೆ ಇಳಿಯುವ ಮುನ್ನ ಉರಿಯುವ ದೀಪ ಇಳಿಸಿ ನೋಡಿ. ಅದು ಆರಿದರೆ ಇಳಿಯಬೇಡಿ.’ ಮೈಸೂರಿನ ಅಂಗಡಿಯವರೊಬ್ಬರು ಚೀಟಿ ಓದಿ ನಕ್ಕು ಸರಕು ವಾಪಸು ಕಳಿಸಿದರು. ಬೇರೆಯವರು ಕೊಂಡರು. ಬೆಸುಗೆಯವಳು ಮತ್ತೆ ಐರನ್ ಮುಟ್ಟಲಿಲ್ಲ; ಪ್ಯಾಕಿಂಗಿಗೆ ಹಾಕಿ ಅಂತ ಕೇಳಿಕೊಂಡಳು. ಚೀಟಿ ಅಂಟದ ಒಂದು ಡಬ್ಬವನ್ನೂ ಅವಳು ಹೊರಗೆ ಬಿಡಲಿಲ್ಲ. ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ತುಟಿಯಲ್ಲೇ ಮೂರು ಎಣಿಸುತ್ತಿದ್ದಳು. ಎಲ್ಲೆಲ್ಲಿಂದಲೋ ಅಗ್ಗದ ಟಾರ್ಚುಗಳು ಬಂದು ಶೆಡ್ಡು ಮುಚ್ಚುವ ದಿನದವರೆಗೂ ಹಾಗೇ ನಡೆಯಿತು.

ಹದಿನೇಳನೇ ನಂಬರಿನ ಟಾರ್ಚನ್ನು ತಾಯಿ ಮತ್ತೆ ಮುಟ್ಟಲಿಲ್ಲ. ಅದು ಈಗ ನನ್ನ ಬೀರುವಿನಲ್ಲಿದೆ, ಆ ರಿಜಿಸ್ಟರಿನ ಮೇಲೆ. ಪಕ್ಕದ ಮನೆಯ ಹುಡುಗಿ ಕರೆಂಟು ಹೋದಾಗ, “ಆಂಟಿ, ನಿಮ್ಮ ಹತ್ರ ಟಾರ್ಚ್ ಇದೆಯಲ್ಲ,” ಅನ್ನುತ್ತಾಳೆ. ಇಲ್ಲ ಅನ್ನುತ್ತೇನೆ, ಮೇಣದಬತ್ತಿ ಹಚ್ಚುತ್ತೇನೆ. ಕುಡಿ ನೆಟ್ಟಗೆ ನಿಂತಿರುವುದನ್ನು ನೋಡುತ್ತ ಕೂರುತ್ತೇನೆ. ಒಂದೊಂದು ಸಲ ಬೀರುವಿನ ಸಂದಿಯಿಂದ ತೆಳ್ಳನೆಯ ಬಿಳಿ ಬೆಳಕು ಬಂದ ಹಾಗಾಗುತ್ತದೆ. ಎದ್ದು ಹೋಗಿ ತೆಗೆದು ನೋಡುತ್ತೇನೆ. ಆಫ್ ಆಗಿಯೇ ಇರುತ್ತದೆ.

ಬಿತ್ತನೆ ಶುರುವಾಗುವ ದಿನಗಳಲ್ಲಿ ವರ್ಷಕ್ಕೊಂದು ಸಲ ಅದಕ್ಕೆ ಹೊಸ ಸೆಲ್ ಹಾಕಿ ಬೀಳಿಸುತ್ತೇನೆ. ಸೊಂಟದ ಎತ್ತರದಿಂದ ಆರು, ಕುರ್ಚಿ ಹತ್ತಿ ಮೂರು. ಈಗ ಕುರ್ಚಿ ಹತ್ತಲು ಮಂಡಿ ಒಪ್ಪುವುದಿಲ್ಲ, ಆದರೂ ಹತ್ತುತ್ತೇನೆ. ಒಂದೇ ಒಂದು ವರ್ಷ ಆರಿಬಿಡಲಿ ಅಂತ ಬೇಡಿಕೊಂಡೇ ಬಿಡುತ್ತೇನೆ.

ಈ ವರ್ಷವೂ ಬೀಳಿಸಿದೆ. ನೆಲದ ಮೇಲೆ ಉರುಳಿ, ಗೋಡೆಯ ಕಡೆ ತಿರುಗಿ, ಮಿಟುಕದೆ ಉರಿಯುತ್ತಿತ್ತು. ರಿಜಿಸ್ಟರು ತೆರೆದೆ. ನೀಲಿ ಪೆನ್ನೂ ಇತ್ತು, ಕೆಂಪು ಪೆನ್ನೂ ಇತ್ತು. ಹದಿನೇಳರ ಎದುರಿನ ಚೌಕ ಖಾಲಿಯೇ ಇದೆ.